ಎದೆಹಾಲಿನ ಒಡವೆ ಮಾಡುವವರನ್ನು ನಂಬುವುದು ಹೇಗೆ?

ಪ್ರಶ್ನೆ: ಮಗಳಿಗೆ ಹಾಲು ಬಿಡಿಸಿ ಮೂರು ತಿಂಗಳಾಯಿತು. ಫ್ರೀಜರ್‌ನಲ್ಲಿ ನಾಲ್ಕು ಪ್ಯಾಕೆಟ್ ಎದೆಹಾಲು ಉಳಿದಿತ್ತು, ಎಲ್ಲವೂ ಒಂದು ವರ್ಷಕ್ಕಿಂತ ಹಳೆಯವು. ಅದರಿಂದ ಒಂದು ಪೆಂಡೆಂಟ್ ಮಾಡಿಸಿಕೊಳ್ಳುವ ಆಸೆ. ಮೂವರನ್ನು ವಿಚಾರಿಸಿದೆ. ಒಬ್ಬರು, "ಪೂರ್ತಿ ಹಾಲಿನದೇ ಹರಳು, ಎಂದೆಂದಿಗೂ ಬಣ್ಣ ಬದಲಾಗುವುದಿಲ್ಲ" ಎಂದರು. ಎರಡನೆಯವರು, "ಹಾಲಿಗೆ ಏನು ಬೆರೆಸುತ್ತೇವೆ ಅನ್ನುವುದು ಗುಟ್ಟು" ಎಂದರು. ಆದರೆ ಬೇರೆ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು, ಕಾಲ ಕಳೆದಂತೆ ಸ್ವಲ್ಪ ಹಳದಿಯಾಗಬಹುದು ಎಂದೂ ಹೇಳಿದರು. ಮೂರನೆಯವರು ಹಾಲು ತಲುಪಿದ ಎರಡೇ ದಿನಕ್ಕೆ ಒಡವೆ ಕಳುಹಿಸುತ್ತಾರಂತೆ, ಬೆಲೆಯೂ ಕಡಿಮೆ. ಪರೀಕ್ಷೆಗೆಂದು ಒಂದು ಪ್ಯಾಕೆಟ್ ಕರಗಿಸಿ ನೋಡಿದೆ, ಸೋಪಿನಂಥ ವಾಸನೆ ಬಂತು. ಹಾಲು ಕೆಟ್ಟಿದೆಯೇ? ಈ ಮೂವರಲ್ಲಿ ಯಾರನ್ನು ನಂಬಲಿ?

ಉತ್ತರ: ಮೊದಲು ಆ ವಾಸನೆಯ ವಿಷಯ ಮುಗಿಸಿಬಿಡೋಣ, ಏಕೆಂದರೆ ಅದಕ್ಕೇ ಹೆದರಿ ಉಳಿದ ಪ್ಯಾಕೆಟ್‌ಗಳನ್ನೂ ಚೆಲ್ಲಿಬಿಟ್ಟೀರಿ. ಎದೆಹಾಲಿನಲ್ಲಿ ಲೈಪೇಸ್ ಎಂಬ ಕಿಣ್ವ ಇರುತ್ತದೆ. ಕೊಬ್ಬನ್ನು ಒಡೆಯುವುದು ಅದರ ಕೆಲಸ. ಫ್ರೀಜರ್‌ನಲ್ಲಿಟ್ಟರೂ ಅದು ಪೂರ್ತಿ ಸುಮ್ಮನಾಗುವುದಿಲ್ಲ, ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತದೆ. ಕೊಬ್ಬು ಒಡೆದು ಬರುವ ಆಮ್ಲಗಳದ್ದೇ ಆ ಸೋಪಿನ ವಾಸನೆ. ವರ್ಷ ದಾಟಿದ ಹಾಲನ್ನು ಮಗುವಿಗೆ ಕುಡಿಸಬಾರದು, ನಿಜ. ಒಡವೆಗೆ ಆ ಲೆಕ್ಕ ಇಲ್ಲ. ಬೂಷ್ಟು ಹಿಡಿದಿಲ್ಲ, ಕೊಳೆತ ನಾತವಿಲ್ಲ ಎಂದರೆ ನಿಮ್ಮ ಹಾಲು ನಡೆಯುತ್ತದೆ. ಇಷ್ಟು ಹಳೆಯ ಹಾಲಿನಲ್ಲಿ ಕೊಬ್ಬು ಹೆಚ್ಚು ಒಡೆದಿರುವುದರಿಂದ ಹರಳು ತುಸು ಬೇಗ ಹಳದಿಗೆ ತಿರುಗಬಹುದು, ಅದಕ್ಕೆ ಮನಸ್ಸು ಸಿದ್ಧವಿರಲಿ. ಕರಗಿಸಿದ ಪ್ಯಾಕೆಟ್ಟನ್ನೂ ಚೆಲ್ಲಬೇಡಿ, ಮತ್ತೆ ಫ್ರೀಜರ್‌ಗೆ ಹಾಕಿ. ಕುಡಿಸುವ ಹಾಲಿಗೆ ಹಾಗೆ ಮಾಡಬಾರದು, ಇದು ಕುಡಿಸುವುದಕ್ಕಲ್ಲವಲ್ಲ.

ಈಗ ನಂಬಿಕೆಯ ಮಾತು. ಹೂವು, ಕೂದಲು, ಎದೆಹಾಲು ಇಂಥವನ್ನು, ದ್ರವವಾಗಿ ಸುರಿದ ಮೇಲೆ ಗಟ್ಟಿಯಾಗುವ ಅಂಟಿನಂಥ ರೆಸಿನ್‌ನಲ್ಲಿ ಕೂರಿಸಿ ಒಡವೆ ಮಾಡುವ ಕೆಲಸ ನನ್ನದು. ಒಂದು ಮಾತು ಬಿಚ್ಚಿ ಹೇಳುತ್ತೇನೆ. ಹರಳು ಸಿದ್ಧವಾಗಿ ಅಂಗೈ ಮೇಲೆ ಬಂದ ಮೇಲೆ ಅದರೊಳಗೆ ಯಾರ ಹಾಲಿದೆ, ಎಷ್ಟಿದೆ, ಇದೆಯೋ ಇಲ್ಲವೋ ಅನ್ನುವುದನ್ನು ಕಣ್ಣಿನಿಂದ ಹೇಳಲು ಸಾಧ್ಯವೇ ಇಲ್ಲ. ನಾನು ಮಾಡಿದ ಹರಳು, ಬರೀ ಬಿಳಿ ಬಣ್ಣ ಬೆರೆಸಿದ ಹರಳು, ಎರಡನ್ನೂ ಚೀಟಿಯಿಲ್ಲದೆ ಮುಂದಿಟ್ಟರೆ ನನಗೂ ಗೊತ್ತಾಗದು. ಕೆಲವರು ಒಡವೆಯ ಜೊತೆ ಚಂದದ ಪ್ರಮಾಣಪತ್ರ ಕೊಡುತ್ತಾರೆ, 'ನಿಮ್ಮ ಡಿಎನ್‌ಎ ಇದರಲ್ಲಿದೆ' ಎಂದು. ಹಾಲಿನಲ್ಲಿ ತಾಯಿಯ ಜೀವಕೋಶಗಳು ಇರುವುದು ನಿಜ. ಆದರೆ ಒಣಗಿಸಿ, ಅರೆದು, ರೆಸಿನ್ ಸುರಿದ ಮೇಲೆ ಅಚ್ಚು ಹಾಕಿಸಿದ ಒಂದು ಕಾಗದ ಏನನ್ನೂ ಸಾಬೀತು ಮಾಡುವುದಿಲ್ಲ. ಹಾಗಾಗಿ ನೀವು ದುಡ್ಡು ಕೊಡುತ್ತಿರುವುದು ಹರಳಿಗಲ್ಲ, ಅದನ್ನು ಮಾಡುವವರ ಕೆಲಸದ ಕ್ರಮಕ್ಕೆ. ಆ ಕ್ರಮ ಇದೆಯೋ ಇಲ್ಲವೋ ಎಂದು ತಿಳಿಯುವ ದಾರಿ ನನಗೆ ಕಂಡಂತೆ ಒಂದೇ. ಕೆಲಸ ಎಲ್ಲೆಲ್ಲಿ ಕೆಡುತ್ತದೆ ಎಂದು ಕೇಳಿ. ನಿಜವಾಗಿ ಮಾಡಿದವರಿಗೆ ಅದು ಬಾಯಿತುದಿಯಲ್ಲಿರುತ್ತದೆ.

ಎಲ್ಲಿ ಕೆಡುತ್ತದೆ ಅನ್ನುವುದು ನಿಮಗೂ ಗೊತ್ತಿದ್ದರೆ ಅವರ ಉತ್ತರವನ್ನು ತೂಗಬಹುದು. ಎದೆಹಾಲಿನ ನೂರು ಪಾಲಿನಲ್ಲಿ ಸುಮಾರು 87 ಪಾಲು ನೀರು. ಉಳಿದದ್ದರಲ್ಲಿ ಹೆಚ್ಚೂಕಡಿಮೆ 7 ಪಾಲು ಲ್ಯಾಕ್ಟೋಸ್ ಎಂಬ ಸಕ್ಕರೆ, 4 ಪಾಲು ಕೊಬ್ಬು, 1 ಪಾಲು ಪ್ರೋಟೀನ್. ಇವು ಒಂದೊಂದೂ ಬೇರೆ ಬೇರೆ ರೀತಿಯಲ್ಲಿ ತೊಂದರೆ ಕೊಡುತ್ತವೆ.

ನೀರು ಉಳಿದರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಬೂಷ್ಟು ಬರುತ್ತದೆ. ಎಪಾಕ್ಸಿ ಎಂಬ ಬಗೆಯ ರೆಸಿನ್‌ಗೂ ತೇವ ಆಗಿಬರುವುದಿಲ್ಲ. ಮಂಜು ಕವಿದಂತಾಗುತ್ತದೆ, ಕೆಲವೊಮ್ಮೆ ಅಂಟಂಟಾಗಿಯೇ ಉಳಿಯುತ್ತದೆ. ಅದಕ್ಕೇ ಹಾಲನ್ನು ಒಣಗಿಸಿ ಪುಡಿ ಮಾಡುವುದು. ಹಸಿ ಹಾಲನ್ನೇ ಪುಟ್ಟ ಗಾಜಿನ ಸೀಸೆಗೆ ತುಂಬಿ, ಬಿಗಿಯಾಗಿ ಮುಚ್ಚಿ ಕೊಡುವವರೂ ಇದ್ದಾರೆ. ಅತ್ತ ತಲೆ ಹಾಕಬೇಡಿ. ಗಾಳಿ ಇಲ್ಲದೆಯೂ ಬೆಳೆಯುವ ಬ್ಯಾಕ್ಟೀರಿಯಾಗಳಿವೆ.

ಇನ್ನು ಸಕ್ಕರೆ ಮತ್ತು ಪ್ರೋಟೀನ್. ಇವೆರಡನ್ನೂ ಒಟ್ಟಿಗೆ ಜಾಸ್ತಿ ಕಾಯಿಸಿದರೆ ಕಂದು ಬಣ್ಣಕ್ಕೆ ತಿರುಗುತ್ತವೆ. ಬೇಗ ಮುಗಿಸೋಣ ಎಂದು ಉರಿ ಹೆಚ್ಚಿಸಿದವರ ಪುಡಿ ಬಿಳಿ ಇರುವುದಿಲ್ಲ. ಆಗ ಅದನ್ನು ಮುಚ್ಚಲು ಬಿಳಿ ಬಣ್ಣ ಬೆರೆಸುತ್ತಾರೆ. ಬಣ್ಣ ಬೆರೆಸುವುದು ತಪ್ಪೇನಲ್ಲ, ಹೇಳದೆ ಬೆರೆಸುವುದು ತಪ್ಪು. ಹಾಲಿನ ಬಣ್ಣವೇ ಒಬ್ಬೊಬ್ಬರದು ಒಂದೊಂದು ಥರ. ಹೆರಿಗೆಯಾದ ಮೊದಲ ದಿನಗಳ ಗಿಣ್ಣುಹಾಲಿನಲ್ಲಿ ಕ್ಯಾರೋಟಿನ್ ಜಾಸ್ತಿ ಇರುವುದರಿಂದ ಅದು ಹಳದಿ, ಆಮೇಲಿನ ಹಾಲು ಬಿಳಿ. ಆದ್ದರಿಂದ ಯಾರದಾದರೂ ಇಪ್ಪತ್ತು ಒಡವೆಗಳ ಚಿತ್ರ ನೋಡಿದಾಗ ಇಪ್ಪತ್ತೂ ಸುಣ್ಣ ಬಳಿದ ಹಾಗೆ ಒಂದೇ ಬಿಳಿ ಕಂಡರೆ, 'ಬಿಳಿ ಬಣ್ಣ ಸೇರಿಸುತ್ತೀರಾ?' ಎಂದು ನೇರವಾಗಿ ಕೇಳಿ.

ಹೆಚ್ಚು ಕಾಡುವುದು ಕೊಬ್ಬು. ನೀರು ತೆಗೆದರೆ ಬೂಷ್ಟು ನಿಲ್ಲುತ್ತದೆ, ಕೊಬ್ಬು ಕಮಟಾಗುವುದು ನಿಲ್ಲುವುದಿಲ್ಲ. ಗಾಳಿಯ ಆಮ್ಲಜನಕ ತಾಗುತ್ತಿದ್ದರೆ ಒಣ ಪುಡಿಯಲ್ಲೂ ಕೊಬ್ಬು ಹಳಸುತ್ತದೆ, ಹಳದಿಯಾಗುತ್ತದೆ. ಕೆಲವೊಮ್ಮೆ ಹರಳಿನೊಳಗೆ ಎಣ್ಣೆಯ ಕಲೆಯಂತೆ ಒಸರುವುದೂ ಉಂಟು. ತಂಪಿನಲ್ಲಿ, ನಿರ್ವಾತದಲ್ಲಿ ಒಣಗಿಸುವ ಫ್ರೀಜ್ ಡ್ರೈಯಿಂಗ್ ಬಹಳ ಒಳ್ಳೆಯ ವಿಧಾನ, ಅದರಲ್ಲಿ ಕಂದಾಗುವ ಭಯ ಕಡಿಮೆ. ಆದರೆ ಅಲ್ಲೂ ಕೊಬ್ಬು ಇದ್ದಲ್ಲೇ ಇರುತ್ತದೆ. 'ನಮ್ಮಲ್ಲಿ ದೊಡ್ಡ ಯಂತ್ರ ಇದೆ, ಹಾಗಾಗಿ ಏನೂ ಆಗಲ್ಲ' ಅನ್ನುವವರು ನೀರಿನ ಸಮಸ್ಯೆಯನ್ನಷ್ಟೇ ಬಗೆಹರಿಸಿದ್ದಾರೆ. ಹಾಲಿಗೆ ಬೆರೆಸುವ ಸಂರಕ್ಷಕ ಪುಡಿಗಳು, ಒಣಗಿದ ಪುಡಿಯನ್ನು ನುಣ್ಣಗೆ ಜರಡಿ ಹಿಡಿಯುವುದು, ಪ್ರತಿ ಕಣವನ್ನೂ ರೆಸಿನ್ ಸುತ್ತುವರಿಯುವಂತೆ ನೋಡಿಕೊಳ್ಳುವುದು, ಇವೆಲ್ಲ ಸೇರಿ ಹಳಸುವುದನ್ನು ತಡಮಾಡುತ್ತವೆ, ಅಷ್ಟೇ.

ರೆಸಿನ್‌ದೂ ಒಂದು ಕಥೆ ಇದೆ. ನನ್ನ ಕೆಲಸದ ಕೋಣೆಯ ಕಿಟಕಿಯಲ್ಲಿ ಕೆಲವು ಹರಳುಗಳನ್ನು ಬಿಸಿಲಿಗೆ ಇಟ್ಟಿದ್ದೇನೆ. ಪ್ರತಿಯೊಂದರ ಅರ್ಧಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿದ್ದೇನೆ. ಹಾಲು ಬೆರೆಸಿದ ಹರಳಿನ ಪಕ್ಕದಲ್ಲೇ ಏನೂ ಬೆರೆಸದ ಬರೀ ಎಪಾಕ್ಸಿ ಹರಳು. ತಿಂಗಳಿಗೊಮ್ಮೆ ಹಾಳೆ ಬಿಚ್ಚಿ ನೋಡುತ್ತೇನೆ. ಬಿಸಿಲು ತಿಂದ ಅರ್ಧ ಎರಡರಲ್ಲೂ ಹಳದಿಯಾಗುತ್ತದೆ. ಅಂದರೆ ಹಾಲಿನದು ಮಾತ್ರ ತಪ್ಪಲ್ಲ, ಎಪಾಕ್ಸಿ ತಾನೇ ಬಿಸಿಲಿಗೆ ಹಳದಿಯಾಗುತ್ತದೆ. ಬಿಸಿಲನ್ನು ತಡೆಯುವ ವಸ್ತು ಸೇರಿಸಿದ ದುಬಾರಿ ರೆಸಿನ್‌ಗಳಿವೆ. ಅವೂ ನಿಧಾನ ಮಾಡುತ್ತವೆ, ನಿಲ್ಲಿಸುವುದಿಲ್ಲ. ಇದು ಗೊತ್ತಿದ್ದವರ ಬಾಯಲ್ಲಿ 'ಎಂದೆಂದಿಗೂ' ಎಂಬ ಮಾತು ಬರುವುದಿಲ್ಲ. ನಿಮ್ಮ ಮೊದಲನೆಯವರ ಬಗ್ಗೆ ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

ಅವರದು ಇನ್ನೊಂದು ಮಾತು ಇದೆಯಲ್ಲ, ಪೂರ್ತಿ ಹಾಲಿನದೇ ಹರಳು ಅಂತ. ಹಾಲಿನ ಪುಡಿ ತಾನಾಗಿಯೇ ಹರಳಾಗುವುದಿಲ್ಲ, ಹಿಡಿದಿಡಲು ಏನಾದರೂ ಬೇಕೇ ಬೇಕು. ಲೆಕ್ಕ ಹಾಕಿ ನೋಡಿ. 8 ಮಿಲಿಮೀಟರ್ ಅಗಲ, 4 ಮಿಲಿಮೀಟರ್ ಎತ್ತರದ ಗುಮ್ಮಟದಂಥ ಹರಳಿನ ತೂಕ ಸುಮಾರು 0.15 ಗ್ರಾಂ. ಅದರಲ್ಲಿ ಹೆಚ್ಚಿನ ಪಾಲು ರೆಸಿನ್, ಪುಡಿ ಸ್ವಲ್ಪವೇ. ಇನ್ನೊಂದು ಕಡೆ, 10 ಮಿಲಿಲೀಟರ್ ಹಾಲನ್ನು ಒಣಗಿಸಿದರೆ ಸುಮಾರು 1.2 ಗ್ರಾಂ ಘನ ಪದಾರ್ಥ ಸಿಗುತ್ತದೆ. ಒಂದು ಪೆಂಡೆಂಟ್‌ಗೆ ಅದು ಧಾರಾಳ, ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ. ಇಷ್ಟು ತಿಳಿದಿದ್ದರೆ ಎರಡು ಉಪಯೋಗ. 'ಇರುವ ಹಾಲನ್ನೆಲ್ಲ ಕಳುಹಿಸಿ' ಎನ್ನುವವರನ್ನು 'ಯಾಕೆ?' ಎಂದು ಕೇಳಬಹುದು. ಉಳಿದ ಪುಡಿಯನ್ನು ಏನು ಮಾಡುತ್ತೀರಿ ಎಂದೂ ಕೇಳಬಹುದು. ಒಳ್ಳೆಯವರು ನಿಮ್ಮ ಹೆಸರಿನ ಚೀಟಿ ಅಂಟಿಸಿ ಕೆಲವು ಕಾಲ ಇಟ್ಟುಕೊಂಡಿರುತ್ತಾರೆ. ಹರಳು ಬಿದ್ದು ಒಡೆದರೆ ಇನ್ನೊಂದು ಮಾಡಲಿಕ್ಕೆ. ಅಥವಾ ಒಡವೆಯ ಜೊತೆ ವಾಪಸ್ ಕಳುಹಿಸುತ್ತಾರೆ.

ಎರಡು ದಿನದ ಮೂರನೆಯವರಿಗೆ ಬರೋಣ. ಎಪಾಕ್ಸಿ ಅಂದರೆ ಎರಡು ದ್ರವ: ಒಂದು ರೆಸಿನ್, ಇನ್ನೊಂದು ಅದನ್ನು ಗಟ್ಟಿ ಮಾಡುವ ಹಾರ್ಡನರ್. ಅಳತೆ ತಪ್ಪದೆ ಬೆರೆಸಬೇಕು. ಗಟ್ಟಿಯಾಗಲು ಸಾಮಾನ್ಯವಾಗಿ 24ರಿಂದ 72 ಗಂಟೆ ಬೇಕು. ಹಾಲು ಒಣಗುವುದಕ್ಕೆ, ಹರಳನ್ನು ಉಜ್ಜಿ ಹೊಳಪು ಕೊಡುವುದಕ್ಕೆ, ಲೋಹದ ಮೇಲೆ ಕೂರಿಸುವುದಕ್ಕೆ ಬೇರೆ ಸಮಯ. ಎರಡು ದಿನದಲ್ಲಿ ಮುಗಿಯಬೇಕೆಂದರೆ ಬಹುಶಃ ಯುವಿ ರೆಸಿನ್ ಬಳಸುತ್ತಾರೆ. ಅದು ನೇರಳಾತೀತ ದೀಪದ ಕೆಳಗೆ ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಯುವಿ ರೆಸಿನ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ, ತೆಳುವಾದ ಮೇಲ್ಪದರಕ್ಕೆ ನಾನೂ ಬಳಸುತ್ತೇನೆ. ಆದರೆ ಹಾಲಿನ ಪುಡಿ ಬೆರೆತ ಮೇಲೆ ಅದರೊಳಕ್ಕೆ ಬೆಳಕು ಇಳಿಯುವುದಿಲ್ಲ. ಹೊರಗೆ ಗಟ್ಟಿಯಾಗಿ, ಒಳಗೆ ಹಸಿಯಾಗಿಯೇ ಉಳಿಯಬಹುದು. ಪದರ ಪದರವಾಗಿ ತೆಳ್ಳಗೆ ಮಾಡುವವರಿಗೆ ಇದು ಗೊತ್ತಿರುತ್ತದೆ, ಅವಸರದವರಿಗೆ ಗೊತ್ತಿರುವುದಿಲ್ಲ. ಗಟ್ಟಿಯಾಗದ ರೆಸಿನ್, ಎಪಾಕ್ಸಿಯೇ ಇರಲಿ ಯುವಿಯೇ ಇರಲಿ, ಚರ್ಮಕ್ಕೆ ತಾಗುತ್ತಿದ್ದರೆ ಅಲರ್ಜಿ ಆಗಬಹುದು. ಈ ಅಲರ್ಜಿ ಒಮ್ಮೆ ಅಂಟಿಕೊಂಡರೆ ಸಾಮಾನ್ಯವಾಗಿ ಬಿಟ್ಟು ಹೋಗುವುದಿಲ್ಲ. ಒಡವೆ ಕೈಗೆ ಬಂದಾಗ ರೆಸಿನ್ ವಾಸನೆ ಗಟ್ಟಿಯಾಗಿ ಹೊಡೆದರೆ, ಉಗುರಿನಿಂದ ಒತ್ತಿದಾಗ ಗುರುತು ಬಿದ್ದರೆ, ಹಾಕಿಕೊಳ್ಳಬೇಡಿ, ವಾಪಸ್ ಕಳುಹಿಸಿ.

ಇಷ್ಟೆಲ್ಲ ರಸಾಯನಶಾಸ್ತ್ರ ಹೇಳಿದೆ. ಆದರೆ ಈ ಕೆಲಸದಲ್ಲಿ ನನ್ನ ನಿದ್ದೆ ಕೆಡಿಸಿದ್ದು ರಸಾಯನವಲ್ಲ, ಒಂದು ಚೀಟಿ. ಶುರು ಮಾಡಿದ ಹೊಸದರಲ್ಲಿ ಒಂದೇ ದಿನ ಇಬ್ಬರ ಹಾಲು ಬಂತು. ಒಂದರ ಚೀಲ ದಾರಿಯಲ್ಲಿ ಸೋರಿತ್ತು. ಎರಡನ್ನೂ ಒಂದೇ ತಟ್ಟೆಯಲ್ಲಿ ಇಟ್ಟೆ. ಮತ್ತೆ ನೋಡುವಷ್ಟರಲ್ಲಿ ಎರಡು ಚೀಲದ ಮೇಲಿದ್ದ ಶಾಯಿಯೂ ಹರಡಿ ಅಕ್ಷರ ಅಳಿಸಿಹೋಗಿತ್ತು. ಯಾವುದು ಯಾರದು? ಊಹೆಯ ಮೇಲೆ ಮಾಡಿ ಕಳುಹಿಸಿದ್ದರೆ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಇಬ್ಬರಿಗೂ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಒಬ್ಬರ ಫ್ರೀಜರ್‌ನಲ್ಲಿ ಇನ್ನೂ ಹಾಲಿತ್ತು. ಇನ್ನೊಬ್ಬರ ಬಳಿ ಇರಲಿಲ್ಲ. ದುಡ್ಡು ವಾಪಸ್ ಕೊಟ್ಟೆ, ಅದರಿಂದ ಏನು ಬಂತು!

ಅಂದಿನಿಂದ ನನ್ನ ಕ್ರಮ ಹೀಗೆ. ಹಾಲು ಬಂದ ತಕ್ಷಣ ಒಂದು ಸಂಖ್ಯೆ. ಚೀಲಕ್ಕೆ, ಒಣಗಿಸುವ ತಟ್ಟೆಗೆ, ಪುಡಿಯ ಡಬ್ಬಿಗೆ, ಅಚ್ಚಿಗೆ, ಎಲ್ಲಕ್ಕೂ ಅದೇ ಸಂಖ್ಯೆ. ಮೇಜಿನ ಮೇಲೆ ಒಂದು ಹೊತ್ತಿಗೆ ಒಬ್ಬರ ಹಾಲು ಮಾತ್ರ. ಕೈಗವಸು ಬದಲಾಯಿಸಿ, ಪಾತ್ರೆ ತೊಳೆದು ಒರೆಸಿದ ಮೇಲೆಯೇ ಮುಂದಿನದು. ನೀವು ವಿಚಾರಿಸುವವರೂ ಹೀಗೆಯೇ ಮಾಡಬೇಕು ಎಂದಿಲ್ಲ. ಆದರೆ 'ಇಬ್ಬರ ಹಾಲು ಬೆರೆಯದಂತೆ ಏನು ಮಾಡುತ್ತೀರಿ?' ಎಂದರೆ ಅವರ ಬಳಿ ಉತ್ತರ ಸಿದ್ಧವಾಗಿರಬೇಕು. 'ಅದೆಲ್ಲ ನಾವು ನೋಡ್ಕೋತೀವಿ' ಅನ್ನುವುದು ಉತ್ತರವಲ್ಲ.

ಅವರಿಗೆ ಏನೆಂದು ಬರೆಯುವುದು ಎಂಬ ಸಂಕೋಚವಿದ್ದರೆ ಈ ಮಾತುಗಳನ್ನೇ ಬಳಸಿ: "ನಮಸ್ಕಾರ. ಆರ್ಡರ್ ಕೊಡುವ ಮೊದಲು ಕೆಲವು ಸಂಗತಿ ತಿಳಿಯಬೇಕಿತ್ತು. ನೀವು ಮಾಡಿದ ಒಡವೆಗಳಲ್ಲಿ ಎರಡು ಮೂರು ವರ್ಷ ಹಳೆಯದಾದ ಒಂದರ ಈಗಿನ ಚಿತ್ರ ಕಳುಹಿಸುತ್ತೀರಾ? ಯಾವ ಬಗೆಯ ರೆಸಿನ್ ಬಳಸುತ್ತೀರಿ? ನನ್ನ ಹಾಲು ತಲುಪಿದ ದಿನದಿಂದ ಒಡವೆ ಹೊರಡುವ ದಿನದವರೆಗೆ ಅದು ಬೇರೆಯವರದರ ಜೊತೆ ಸೇರದಂತೆ ಹೇಗೆ ನೋಡಿಕೊಳ್ಳುತ್ತೀರಿ? ಇದುವರೆಗೆ ಕೆಟ್ಟುಹೋದ ಕೆಲಸ ಯಾವುದು, ಆಗ ಏನು ಮಾಡಿದಿರಿ?"

ಈ ನಾಲ್ಕರಲ್ಲಿ ನನಗೆ ಜಾಸ್ತಿ ಇಷ್ಟ ಮೊದಲನೆಯದು. ಹೊಸದಾಗಿ ಹೊಳೆಯುವ ಹರಳಿನ ಚಿತ್ರ ಯಾರು ಬೇಕಾದರೂ ತೆಗೆಯಬಹುದು. ಬೇರೆಯವರ ಚಿತ್ರ ಕದ್ದು ಹಾಕಿಕೊಂಡವರೂ ಇದ್ದಾರೆ. ಆ ಚಿತ್ರವನ್ನೇ ಕೊಟ್ಟು ಅಂತರ್ಜಾಲದಲ್ಲಿ ಹುಡುಕಿದರೆ ಎಷ್ಟೋ ಸಲ ಸಿಕ್ಕಿಬೀಳುತ್ತಾರೆ. ಹಳೆಯ ಒಡವೆಯನ್ನು ತೋರಿಸಬೇಕಾದರೆ ಅಷ್ಟು ವರ್ಷ ಕೆಲಸ ಮಾಡಿರಬೇಕು, ಗಿರಾಕಿಗಳ ಜೊತೆ ಮಾತುಕತೆ ಉಳಿದಿರಬೇಕು, ತುಸು ಹಳದಿಯಾದದ್ದನ್ನು ತೋರಿಸುವ ಧೈರ್ಯವೂ ಇರಬೇಕು. ಗಿರಾಕಿಗಳ ಅನಿಸಿಕೆ ಓದುವಾಗಲೂ ಅಷ್ಟೇ. 'ಇವತ್ತು ಬಂತು, ಕಣ್ಣಲ್ಲಿ ನೀರು ಬಂತು' ಎಂಬ ಮಾತು ನಿಜವೇ ಇರಬಹುದು, ಆದರೆ ಹರಳಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಒಂದು ವರ್ಷ ಹಾಕಿಕೊಂಡ ಮೇಲೆ ಬರೆದದ್ದನ್ನು ಹುಡುಕಿ. ದೂರು ಬಂದಲ್ಲಿ ಮಾಡಿದವರು ಹೇಗೆ ಮಾತಾಡಿದ್ದಾರೆ ನೋಡಿ. ಒಂದೂ ದೂರಿಲ್ಲದ ಕಡೆ ನನಗೆ ಸ್ವಲ್ಪ ಅನುಮಾನವೇ.

ಲೋಹದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದನ್ನು ಯಾವ ಅಕ್ಕಸಾಲಿಗರಾದರೂ ಪರೀಕ್ಷಿಸಿ ಹೇಳುತ್ತಾರೆ. 925 ಎಂಬ ಮುದ್ರೆ ಇದ್ದರೆ ನೂರಕ್ಕೆ 92.5 ಪಾಲು ಬೆಳ್ಳಿ. 750 ಎಂದರೆ 18 ಕ್ಯಾರೆಟ್ ಚಿನ್ನ, 585 ಎಂದರೆ 14 ಕ್ಯಾರೆಟ್. ಬರೀ 'ಚಿನ್ನದ ಬಣ್ಣ' ಎಂದಿದ್ದರೆ ಕೆಳಗಿನ ಲೋಹ ಯಾವುದೆಂದು ಕೇಳಿ. ಚಿನ್ನದ ನೀರು ಹಾಕಿದ್ದು ದಿನವೂ ಹಾಕಿಕೊಂಡರೆ ಸವೆಯುತ್ತದೆ, ಕೆಳಗೆ ನಿಕ್ಕಲ್ ಇದ್ದರೆ ಕೆಲವರಿಗೆ ತುರಿಕೆ. ಪೆಂಡೆಂಟ್ ಆರಿಸಿಕೊಂಡದ್ದು ಒಳ್ಳೆಯದಾಯಿತು. ಉಂಗುರವಾದರೆ ಕೈ ತೊಳೆದಾಗಲೆಲ್ಲ ನೀರು, ಸೋಪು, ಸ್ಯಾನಿಟೈಸರ್. ಗೋಡೆಗೆ ತಾಗಿದರೆ ಗೀರು. ರೆಸಿನ್ ಕಲ್ಲಿನಷ್ಟು ಗಟ್ಟಿಯಲ್ಲ. ಅಂದ ಹಾಗೆ, ಮಗಳು ಎತ್ತಿಕೊಂಡಾಗ ಪೆಂಡೆಂಟ್ ಬಾಯಿಗೆ ಹಾಕುವ ವಯಸ್ಸಿನವಳಾದರೆ ಆಗ ತೆಗೆದಿಡಿ. ಹರಳು ಕಳಚಿ ಬಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರವೇ ಅದು.

ದುಡ್ಡಿನ ಮಾತು. ಈ ಕೆಲಸವನ್ನು ಹೆಚ್ಚಿನವರು ಮನೆಯಲ್ಲಿ ಒಬ್ಬರೇ ಮಾಡುತ್ತಾರೆ. ಆರ್ಡರ್ ಜಾಸ್ತಿ ಒಪ್ಪಿಕೊಂಡು, ಮಾಡಲಾಗದೆ, ಕೊನೆಗೆ ಫೋನ್ ಎತ್ತುವುದನ್ನೇ ಬಿಟ್ಟವರಿದ್ದಾರೆ. ಎಲ್ಲರೂ ಮೋಸ ಮಾಡಲೆಂದೇ ಶುರು ಮಾಡಿದವರಲ್ಲ, ಆದರೆ ಕಳೆದುಕೊಂಡ ತಾಯಿಗೆ ಎರಡೂ ಒಂದೇ. ಎಷ್ಟು ವಾರ ಬೇಕು, ತಡವಾದರೆ ಏನು, ದಾರಿಯಲ್ಲಿ ಹಾಲು ಕಳೆದರೆ ಏನು, ಮೊದಲ ವರ್ಷದಲ್ಲಿ ಹರಳು ಕಿತ್ತು ಬಂದರೆ ಯಾರ ಖರ್ಚು, ಇಷ್ಟನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ತಕರಾರು ಬಂದರೆ ದುಡ್ಡು ಮರಳಿ ಪಡೆಯಲು ಅವಕಾಶವಿರುವ ದಾರಿಯಲ್ಲೇ ಪಾವತಿ ಮಾಡಿ. ಕೆಲವು ವಾರ ಕಾಯಿಸುವವರಿಗಿಂತ 'ನಾಳೆಯೇ' ಅನ್ನುವವರ ಬಗ್ಗೆ ಹೆಚ್ಚು ಹುಷಾರಾಗಿರಿ.

ನಿಮ್ಮ ಎರಡನೆಯವರು ಪುಡಿಯ ಗುಟ್ಟು ಬಿಡಲಿಲ್ಲ ಎಂದಿರಿ. ಅದು ನನಗೆ ತಪ್ಪಾಗಿ ಕಾಣುವುದಿಲ್ಲ. ವರ್ಷಗಟ್ಟಲೆ ಪುಡಿ ಹಾಳು ಮಾಡಿಕೊಂಡು ಕಂಡುಕೊಂಡ ಅಳತೆಯನ್ನು ಯಾರೂ ಸುಮ್ನೆ ಹೇಳಿಬಿಡುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಅಳತೆ ಗುಟ್ಟಾಗಿರಬಹುದು, ಅದು ಮಾಡುವ ಕೆಲಸ ಗುಟ್ಟಾಗಿರಬಾರದು. 'ಕೊಬ್ಬು ಹಳಸದಂತೆ ತಡೆಯಲು ಏನಾದರೂ ಇದೆಯಾ? ಚರ್ಮಕ್ಕೆ ತೊಂದರೆ ಕೊಡುವಂಥದ್ದು ಇದೆಯಾ?' ಎಂದರೆ ಉತ್ತರ ಬರಬೇಕು. ಹಳದಿಯಾಗಬಹುದು ಎಂದು ನೀವು ಕೇಳುವ ಮೊದಲೇ ಹೇಳಿದ್ದರೆ ನನ್ನ ಒಲವು ಅವರ ಕಡೆಗೇ. ಮೇಲಿನ ಪತ್ರ ಅವರಿಗೆ ಕಳುಹಿಸಿ, ಹಳೆಯ ಒಡವೆಯ ಚಿತ್ರ ಬಂದರೆ ಮುಂದುವರಿಯಿರಿ. ಮೊದಲನೆಯವರನ್ನು ಬಿಟ್ಟುಬಿಡಿ. ಮೂರನೆಯವರು ಯಾವ ರೆಸಿನ್ ಎಂದು ಹೇಳಿ, ಒಳಗಿನವರೆಗೂ ಗಟ್ಟಿಯಾಗುವುದು ಹೇಗೆ ಎಂದು ವಿವರಿಸಿದರೆ ನನ್ನ ಅನುಮಾನ ಹಿಂತೆಗೆದುಕೊಳ್ಳುತ್ತೇನೆ.

ಕಳುಹಿಸುವಾಗ ನೀವು ಕರಗಿಸಿ ನೋಡಿದ ಆ ಸೋಪಿನ ವಾಸನೆಯ ಪ್ಯಾಕೆಟ್ಟನ್ನೇ ಮೊದಲು ಕಳುಹಿಸಿ, ವಾಸನೆಯ ವಿಷಯವನ್ನೂ ಮುಂಚೆಯೇ ತಿಳಿಸಿ. 10ರಿಂದ 20 ಮಿಲಿಲೀಟರ್ ಸಾಕು. ಎರಡು ಜಿಪ್ ಚೀಲ, ಒಂದರೊಳಗೊಂದು, ನಡುವೆ ಹೀರುವ ಕಾಗದ. ಹೆಸರು ಬರೆದ ಚೀಟಿ ಪೆನ್ಸಿಲ್‌ನಲ್ಲಿರಲಿ, ಅದು ಹರಡುವುದಿಲ್ಲ. ಹೊರಗಿನ ಚೀಲಕ್ಕೊಂದು, ಒಳಗಿನದಕ್ಕೊಂದು. ದಾರಿಯಲ್ಲಿ ಕರಗಿದರೂ ಚಿಂತೆಯಿಲ್ಲ, ಐಸ್ ಇಡಬೇಕಾಗಿಲ್ಲ. ಬೇರೆ ದೇಶಕ್ಕಾದರೆ ಅಲ್ಲಿಗೆ ಕಳುಹಿಸಲು ಅನುಮತಿ ಇದೆಯೇ ಎಂದು ಅಂಚೆಯಲ್ಲಿ ಮೊದಲೇ ವಿಚಾರಿಸಿ. ಉಳಿದ ಮೂರು ಪ್ಯಾಕೆಟ್ ಫ್ರೀಜರ್‌ನಲ್ಲೇ ಇರಲಿ. ಪೆಂಡೆಂಟ್ ಕೈಗೆ ಬಂದು, ಕೆಲವು ತಿಂಗಳು ಹಾಕಿಕೊಂಡು, ಹರಳು ಹಾಗೇ ಇದೆ ಅನ್ನಿಸುವವರೆಗೆ ಅವನ್ನು ತೆಗೆಯಬೇಡಿ.